ಅರಬ್ಬಿ ಸಮುದ್ರದ ತೂಫಾನು: ಕಾರವಾರಕ್ಕೆ ಹೊಸದಾಗಿ ಬಂದವರಿಗೆ, ಒಮಾನಿನಲ್ಲಿ ಮನೆಯವರಿರುವವರಿಗೆ

ಕೈಗಾ, ನೌಕಾನೆಲೆ, ಬ್ಯಾಂಕು, ಶಾಲೆ ಅಂತ ಕೆಲಸದ ಮೇಲೆ ಕಾರವಾರಕ್ಕೆ ಬರುವ ಕುಟುಂಬಗಳು ನಮ್ಮ ಸಂಘದವರನ್ನು ಮೊದಲು ಕೇಳುವುದು ಬಾಡಿಗೆ ಮನೆ, ಗ್ಯಾಸು, ಮಕ್ಕಳ ಶಾಲೆ. ತೂಫಾನಿನ ಬಗ್ಗೆ ಯಾರೂ ಕೇಳುವುದಿಲ್ಲ. ಹುಬ್ಬಳ್ಳಿ, ವಿಜಯಪುರ, ಮೈಸೂರು ಕಡೆಯವರು ಅದನ್ನು ಟಿವಿಯಲ್ಲಿ ಮಾತ್ರ ನೋಡಿರುತ್ತಾರೆ. ಕಡಲ ಪಕ್ಕ ಮನೆ ಮಾಡಿದ ಮೇಲೆ ಅದನ್ನು ತಿಳಿದುಕೊಳ್ಳಲೇಬೇಕು. ಇನ್ನೊಂದು ಕಾರಣವೂ ಇದೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಮಸ್ಕತ್, ಸಲಾಲಾ, ಸೊಹಾರ್ ಕಡೆ ದುಡಿಯುತ್ತಿದ್ದಾರೆ. ನಮ್ಮ ಎದುರಿನ ಕಡಲಲ್ಲಿ ಎದ್ದ ತೂಫಾನು ಅಲ್ಲಿಗೆ ಹೋಗಿ ಬಡಿಯುವುದುಂಟು. ಅದಕ್ಕೇ ಎರಡೂ ದಡದ ವಿಷಯ ಒಟ್ಟಿಗೆ ಬರೆದಿದ್ದೇವೆ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟು ನೆನಪಿಡಿ: ಗಾಳಿಗಿಂತ ನೀರಿಗೆ ಜಾಸ್ತಿ ಹೆದರಿ.

ಯಾವಾಗ ಏಳುತ್ತದೆ, ಹೇಗೆ ಏಳುತ್ತದೆ

ಇಲ್ಲಿನ ಜುಲೈ ಮಳೆ ಮೊದಲ ಸಲ ನೋಡಿದವರು 'ಇದೇ ತೂಫಾನು ಅಲ್ವಾ?' ಅಂತ ಗಾಬರಿಯಾಗುತ್ತಾರೆ. ಜೋರು ಮಳೆಗಾಲದಲ್ಲಿ ಅರಬ್ಬಿ ಸಮುದ್ರದಲ್ಲಿ ತೂಫಾನು ಏಳುವುದು ಬಹಳ ಅಪರೂಪ. ಆಗ ಕೆಳಗೆ ನೈರುತ್ಯದ ಗಾಳಿ ಇರುತ್ತದೆ, ತುಂಬ ಎತ್ತರದಲ್ಲಿ ಪೂರ್ವದ ಕಡೆಯಿಂದ ಇನ್ನೊಂದು ಗಾಳಿ ಬೀಸುತ್ತದೆ. ಇವೆರಡರ ಎಳೆದಾಟದಲ್ಲಿ ಸುಳಿ ನೆಟ್ಟಗೆ ನಿಲ್ಲುವುದೇ ಇಲ್ಲ. ತೂಫಾನಿನ ಕಾಲ ಎರಡು. ಮಳೆಗಾಲಕ್ಕೆ ಮುಂಚೆ, ಕೃತ್ತಿಕಾ, ರೋಹಿಣಿ ಮಳೆಯ ಹೊತ್ತಿಗೆ ಒಂದು. ಮಳೆಗಾಲ ಮುಗಿದ ಮೇಲೆ, ದೀಪಾವಳಿಯ ಆಚೀಚೆ ಇನ್ನೊಂದು.

ತೂಫಾನು ಹುಟ್ಟಬೇಕಾದರೆ ಕಡಲ ಮೇಲಿನ ನೀರು ಸುಮಾರು 26.5 ಡಿಗ್ರಿಗಿಂತ ಬಿಸಿ ಇರಬೇಕು. ಮೇ ತಿಂಗಳಲ್ಲಿ ಲಕ್ಷದ್ವೀಪದ ಸುತ್ತ ಅದು 30 ಡಿಗ್ರಿಯ ಆಸುಪಾಸಿಗೆ ಬಂದಿರುತ್ತದೆ. ನೀರು ಆವಿಯಾಗಿ ಮೇಲೇರುತ್ತದೆ, ಮೋಡ ಕಟ್ಟುವಾಗ ತಾನು ಹೊತ್ತ ಶಾಖ ಬಿಡುತ್ತದೆ. ಗಾಳಿ ಇನ್ನೂ ಬಿಸಿಯಾಗಿ ಮೇಲೆ ಹೋಗುತ್ತದೆ, ಕೆಳಗೆ ಒತ್ತಡ ಇಳಿಯುತ್ತದೆ. ಆ ಜಾಗಕ್ಕೆ ಸುತ್ತಲಿನ ತೇವದ ಗಾಳಿ ನುಗ್ಗುತ್ತದೆ. ಭೂಮಿ ತಿರುಗುವುದರಿಂದ ಅದು ನೇರ ಬಾರದೆ ಸುತ್ತತೊಡಗುತ್ತದೆ. ನಮ್ಮ ಕಡೆ ಗಡಿಯಾರದ ಮುಳ್ಳಿಗೆ ಉಲ್ಟಾ. ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಹವಾಮಾನ ಇಲಾಖೆ ಅದನ್ನು ಚಂಡಮಾರುತ ಅಂತ ಘೋಷಿಸಿ ಹೆಸರಿಡುತ್ತದೆ.

ಹುಟ್ಟಿದ್ದು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮೇಲಿನ ಗಾಳಿ ನಿರ್ಧರಿಸುತ್ತದೆ. ಕೆಲವು ನಮ್ಮ ದಡದ ಸಮಕ್ಕೆ ಉತ್ತರಕ್ಕೆ ಏರಿ ಗುಜರಾತಿಗೆ ಹೋಗುತ್ತವೆ. 2021ರ ಮೇ ತಿಂಗಳ ತೌಕ್ತೆ ಹೀಗೆ ಹೋಯಿತು. ಕೆಲವು ಪಶ್ಚಿಮಕ್ಕೆ ತಿರುಗಿ ಒಮಾನ್, ಯೆಮೆನ್ ಹಿಡಿಯುತ್ತವೆ. 2019ರಲ್ಲಿ ಒಂದೇ ವರ್ಷ ವಾಯು, ಹಿಕ್ಕಾ, ಕ್ಯಾರ್, ಮಹಾ, ಪವನ್ ಅಂತ ಐದು ಎದ್ದವು. ಅಷ್ಟು ಒಂದೇ ವರ್ಷದಲ್ಲಿ ಬಂದಿದ್ದು ಅದಕ್ಕೆ ಮುಂಚೆ 1902ರಲ್ಲಿ. ಕಡಲು ಬಿಸಿಯಾಗುತ್ತಿದೆ. ಇದು ಇನ್ನು ಅಪರೂಪದ ಮಾತಾಗಿ ಉಳಿಯುವುದಿಲ್ಲ ಅಂತಲೇ ನಾವು ತಯಾರಾಗಬೇಕು.

ಮರಳುಗಾಡಿನ ದಡದಲ್ಲಿ ಏನಾಗುತ್ತದೆ

ಮರಳುಗಾಡಿನ ಒಣ ಗಾಳಿ ಒಳಗೆ ಸೇರಿದರೆ ತೂಫಾನು ಸೊರಗುತ್ತದೆ. 2019ರ ದೀಪಾವಳಿ ಹೊತ್ತಿಗೆ ನಮ್ಮ ಎದುರಿನಿಂದಲೇ ಹೋದ ಕ್ಯಾರ್, ಸೂಪರ್ ಸೈಕ್ಲೋನ್ ಆಗಿ ಬೆಳೆದರೂ ಆಚೆ ದಡ ಮುಟ್ಟುವ ಮೊದಲೇ ಕುಗ್ಗಿತು. ಸೊರಗದೆ ಮುಟ್ಟಿದವುಗಳ ಕಥೆ ಬೇರೆ. 2007ರ ಜೂನ್‌ನಲ್ಲಿ ಗೋನು ಒಮಾನಿಗೆ ಬಡಿದಾಗ ಸುಮಾರು 50 ಜನ ಸತ್ತರು. ಮಸ್ಕತ್ತಿನ ರಸ್ತೆಗಳು ಕಿತ್ತುಹೋದವು. ಸಮುದ್ರದ ನೀರನ್ನು ಸಿಹಿ ಮಾಡುವ ಘಟಕಗಳು ನಿಂತು ನಲ್ಲಿ ನೀರಿಗೂ ಪರದಾಟವಾಯಿತು.

2018ರ ಮೇ 25ರಂದು ಮೆಕುನು ಸಲಾಲಾ ಹತ್ತಿರ ದಡ ಹತ್ತಿತು. ಒಂದೇ ದಿನ 278 ಮಿಲಿಮೀಟರ್ ಮಳೆ. ಕಾರವಾರದವರಿಗೆ ಇದು ದೊಡ್ಡದು ಅನ್ನಿಸುವುದಿಲ್ಲ. ನಮಗೆ ವರ್ಷಕ್ಕೆ 3000 ಮಿಲಿಮೀಟರ್ ದಾಟುತ್ತದೆ, ಜುಲೈನ ಒಂದು ಕೆಟ್ಟ ದಿನ ಅಷ್ಟು ಸುರಿದರೂ ಸುರಿದೀತು. ಸಲಾಲಾಕ್ಕೆ ಅದು ಎರಡು ವರ್ಷದ ಮಳೆ. ಅಲ್ಲಿರುವ ಅಣ್ಣನಿಗೋ ಭಾವನಿಗೋ ಫೋನ್ ಮಾಡಿ 'ಅಷ್ಟು ಮಳೆಗೆಲ್ಲ ಹೆದರ್ತೀರಾ?' ಅಂತ ದಯವಿಟ್ಟು ಕೇಳಬೇಡಿ. ನಮ್ಮ ನೆಲದಲ್ಲಿ ಕಾಡಿದೆ, ಗದ್ದೆಯಿದೆ, ಹಳ್ಳವಿದೆ, ಹೊಳೆಯಿದೆ. ಮಳೆ ಬಿದ್ದರೆ ಹೋಗುವ ದಾರಿ ನೀರಿಗೇ ಗೊತ್ತು. ಅಲ್ಲಿ ಗಟ್ಟಿ ಕಲ್ಲುನೆಲ, ಬೋಳು ಗುಡ್ಡ. ತಾರಸಿ ಮೇಲೆ ಸುರಿದ ಹಾಗೆ ಎಲ್ಲ ನೀರೂ ಒಮ್ಮೆಲೇ ಕೆಳಗಿಳಿಯುತ್ತದೆ. ದಡದ ಹಿಂದೆಯೇ ಎತ್ತರದ ಬೆಟ್ಟಸಾಲು ಇರುವುದರಿಂದ, ನಮ್ಮ ಘಟ್ಟದ ಹಾಗೇ ಮೋಡವನ್ನು ತಡೆದು ಮಳೆ ಇನ್ನೂ ಜಾಸ್ತಿ ಮಾಡುತ್ತದೆ.

ವಾದಿ ಅಂದರೆ ಒಣಗಿದ ಹೊಳೆಪಾತ್ರ. ತಿಂಗಳುಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ ನೀರಿರುವುದಿಲ್ಲ. ಜನ ಕಾರು ನಿಲ್ಲಿಸುತ್ತಾರೆ, ಹುಡುಗರು ಕ್ರಿಕೆಟ್ ಆಡುತ್ತಾರೆ, ರಸ್ತೆ ಅದರ ಮೇಲೇ ಹಾದುಹೋಗುತ್ತದೆ. ಕಾಳಿ, ಗಂಗಾವಳಿ ನೋಡಿ ಬೆಳೆದ ನಮ್ಮವರಿಗೆ ಅದು ಹೊಳೆ ಅಂತ ಅನ್ನಿಸುವುದೇ ಇಲ್ಲ. ಮಳೆ ಬಿದ್ದಿದ್ದು ದೂರದ ಬೆಟ್ಟದಲ್ಲಿ. ನೀವು ನಿಂತ ಜಾಗದಲ್ಲಿ ಬಿಸಿಲೂ ಇರಬಹುದು. ಮೊದಲು ಕಸಕಡ್ಡಿ ಹೊತ್ತ ಕೆಂಪು ನೀರು ಸಣ್ಣಗೆ ಬರುತ್ತದೆ, ಹಿಂದೆಯೇ ಕಲ್ಲು ಉರುಳಿಸುತ್ತ ದೊಡ್ಡ ನೀರು. ಮೊಣಕಾಲು ಮಟ್ಟದ ಹರಿವಿಗೇ ಕಾರು ಹಿಡಿತ ತಪ್ಪುತ್ತದೆ. ಹರಿಯುವ ವಾದಿಯಲ್ಲಿ ಗಾಡಿ ಇಳಿಸುವುದು ಒಮಾನಿನಲ್ಲಿ ಕಾನೂನಿನ ಪ್ರಕಾರವೂ ಅಪರಾಧ. ಮುಂದಿನವನು ದಾಟಿದ, ನಾನೂ ದಾಟುತ್ತೇನೆ ಅನ್ನುವ ಧೈರ್ಯ ಬೇಡವೇ ಬೇಡ. ರೂಮು ಅಥವಾ ಕ್ಯಾಂಪು ವಾದಿಯ ಪಕ್ಕದಲ್ಲಿದೆಯಾ ಅಂತ ನಿಮ್ಮವರು ಅಲ್ಲಿಗೆ ಹೋದ ಮೊದಲ ವಾರವೇ ವಿಚಾರಿಸಿಕೊಳ್ಳಲಿ. ಹತ್ತಿರವಿದ್ದರೆ ಎಚ್ಚರಿಕೆ ಬಂದಾಗ ಬೇರೆ ಕಡೆ ಸೇರಿಸಿ ಅಂತ ಕೇಳಲು ಸಂಕೋಚ ಬೇಡ. ಪಾಸ್‌ಪೋರ್ಟು, ರೆಸಿಡೆಂಟ್ ಕಾರ್ಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೇಲಿರಲಿ. ಕುಡಿಯುವ ನೀರು ನಾಲ್ಕೈದು ದಿನಕ್ಕಾಗುವಷ್ಟು ತುಂಬಿಸಿಡಲಿ. ತುರ್ತಿಗೆ ಅಲ್ಲಿನ ಪೊಲೀಸ್ ನಂಬರ್ 9999.

ದೂರದ ತೂಫಾನು ಅಂತ ಸುಮ್ನೆ ಕೂರುವ ಹಾಗೂ ಇಲ್ಲ. 2021ರ ಸೆಪ್ಟೆಂಬರ್ ಕೊನೆಗೆ ಬಂಗಾಳಕೊಲ್ಲಿಯಲ್ಲಿ ಎದ್ದ ಗುಲಾಬ್ ಆಂಧ್ರ, ಒಡಿಶಾ ದಡ ಹತ್ತಿ, ದೇಶವನ್ನೇ ದಾಟಿ ಅರಬ್ಬಿ ಸಮುದ್ರಕ್ಕೆ ಇಳಿಯಿತು. ಅಲ್ಲಿ ಮತ್ತೆ ಬಲ ಕೂಡಿಸಿಕೊಂಡು ಶಾಹೀನ್ ಆಗಿ ಅಕ್ಟೋಬರ್ 3ರಂದು ಮಸ್ಕತ್ತಿನ ವಾಯವ್ಯದ ಬಾತಿನಾ ದಡಕ್ಕೆ ಬಡಿಯಿತು. ಅಲ್ಲಿನ ಖಾಬೂರಾದಲ್ಲಿ 369 ಮಿಲಿಮೀಟರ್ ಮಳೆಯಾಯಿತು. ತೂಫಾನು ಹೋದ ಮೇಲೂ ಅದರ ಪರಿಣಾಮ ಉಳಿಯುತ್ತದೆ. 2018ರಲ್ಲಿ ಮೆಕುನು, ಲುಬಾನ್ ಎರಡೂ ಸುರಿಸಿದ ಮಳೆಗೆ ಅರೇಬಿಯಾದ ಮರಳಿನ ನಡುವೆ ಕೆರೆಗಳಾದವು, ಹಸಿರು ಚಿಗುರಿತು, ಮಿಡತೆ ಹುಟ್ಟಿದವು. ಅದೇ ಪೀಳಿಗೆಗಳು ಮುಂದೆ ಆಫ್ರಿಕಾ, ರಾಜಸ್ಥಾನದವರೆಗೂ ಬೆಳೆ ತಿಂದವು.

ನಮ್ಮ ದಡದಲ್ಲಿ

ತೌಕ್ತೆ ನಮ್ಮ ದಡ ಮುಟ್ಟಲೇ ಇಲ್ಲ. ಆದರೂ ಭಟ್ಕಳದಿಂದ ಕಾರವಾರದವರೆಗೆ ಕಡಲು ಮನೆಗಳಿಗೆ ನುಗ್ಗಿತು, ದೋಣಿಗಳು ಒಡೆದವು, ಕಂಬಗಳು ಉರುಳಿದವು. ಉತ್ತರಕ್ಕೆ ಹೋಗುವ ತೂಫಾನಿನ ಬಲಗಡೆ ಗಾಳಿ ಜೋರು, ನಾವಿರುವುದು ಆ ಬಲಗಡೆಯಲ್ಲೇ. ಹಾಗಾಗಿ 'ಗುಜರಾತಿಗೆ ಹೋಗ್ತಿದೆಯಂತೆ' ಅನ್ನುವ ಸುದ್ದಿ ಕೇಳಿ ಮಕ್ಕಳನ್ನು ಕರೆದುಕೊಂಡು ಟಾಗೋರ್ ಕಡಲತೀರಕ್ಕೆ ಅಲೆ ನೋಡಲು ಹೋಗಬೇಡಿ. ದೇವಬಾಗ, ಮಾಜಾಳಿ ಕಡೆ ದಡಕ್ಕೆ ಅಂಟಿಕೊಂಡ ಬಾಡಿಗೆ ಮನೆ ಹಿಡಿಯುವ ಮುಂಚೆ, ಹೋದ ತೂಫಾನಿನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಪಕ್ಕದ ಮನೆಯವರನ್ನು ಕೇಳಿ. ಮೀನುಗಾರರ ಮನೆಯ ಹಿರಿಯರು ಗೋಡೆಯ ಗುರುತು ತೋರಿಸಿ ಹೇಳುತ್ತಾರೆ. ಅವರ ಮಾತಿಗೆ ಬೆಲೆ ಕೊಡಿ.

ಬಂದರಿನಲ್ಲಿ ಏರಿಸುವ ಸಂಕೇತಕ್ಕೂ ಲೆಕ್ಕವಿದೆ. 1, 2 ಅಂದರೆ ತೂಫಾನು ದೂರದ ಕಡಲಲ್ಲಿದೆ. 3 ಅಂದರೆ ಬಂದರಿನಲ್ಲೇ ಜೋರು ಗಾಳಿ ಬರಬಹುದು. 8, 9, 10 ಭಾರಿ ಅಪಾಯ. 'ಮೂರನೇ ನಂಬರ್ ಹಾಕಿದ್ದಾರೆ' ಅಂತ ಮೀನುಪೇಟೆಯಲ್ಲಿ ಮಾತು ಕೇಳಿಬಂದರೆ ವಾರದ ಸಾಮಾನು ತಂದಿಡಿ.

ಏಪ್ರಿಲ್ ಮುಗಿಯುವುದರೊಳಗೆ ಮನೆಗೆ ತಾಗಿದ ತೆಂಗಿನ ಒಣ ಗರಿ, ಕಾಯಿ ಇಳಿಸಿ. ಹಂಚಿನ ಮನೆಯಾದರೆ ಸಡಿಲವಾದ ಹಂಚು ಸರಿ ಮಾಡಿಸಿ. ಕರೆಂಟು ಹೋದರೆ ಪಂಪು ಇಲ್ಲ, ದಡದ ಬಾವಿಗೆ ಉಪ್ಪುನೀರು ಸೇರಿದರೆ ಕುಡಿಯಲಾಗುವುದಿಲ್ಲ. ಹಂಡೆ, ಡ್ರಮ್ಮು ಮೊದಲೇ ತುಂಬಿಸಿ. ತಂತಿ ಕಡಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಹೇಳಿ. ಜಿಲ್ಲಾಡಳಿತದ ಸಹಾಯವಾಣಿ 1077. ಮಲ್ಲಾಪುರ, ಕದ್ರಾ ಕಡೆ ಕಾಳಿ ದಂಡೆಯಲ್ಲಿರುವವರು ಅಣೆಕಟ್ಟಿನಿಂದ ನೀರು ಬಿಡುವ ಸೂಚನೆಗೂ ಕಿವಿ ಕೊಡಿ. ಅರಬೈಲ್, ದೇವಿಮನೆ, ಅಣಶಿ ಘಟ್ಟದಲ್ಲಿ ಆ ದಿನಗಳಲ್ಲಿ ರಾತ್ರಿ ಪ್ರಯಾಣ ಬೇಡ.

ಸಿರ್ಸಿಗೆ ಹೋಗಿ ನೆಲೆಸುವವರಿಗೆ ಒಂದು ಮಾತು. ಅಲ್ಲಿ ಕಡಲಿಲ್ಲ, ಆದರೆ ದೀಪಾವಳಿ ನಂತರದ ತೂಫಾನಿಗೆ ಅಂಗಳದ ಅಡಿಕೆ, ಕೊಯ್ದ ಭತ್ತ ಎರಡೂ ನೆನೆಯುತ್ತವೆ. ಒಮ್ಮೆ ಬೂಸ್ಟು ಹಿಡಿದ ಅಡಿಕೆಗೆ ರೇಟು ಸಿಗುವುದಿಲ್ಲ. ತಾಡಪತ್ರಿ ಕೈಗೆ ಸಿಗುವ ಹಾಗಿರಲಿ.

ಕೊನೆಯದಾಗಿ ಫೋನಿನ ವಿಷಯ. ವಾಟ್ಸಾಪಿನಲ್ಲಿ ಬರುವ ಹಳೇ ತೂಫಾನಿನ ವಿಡಿಯೋ ನೋಡಿ ಅತ್ತವರನ್ನು ನಾವು ಕಂಡಿದ್ದೇವೆ. ಹವಾಮಾನ ಇಲಾಖೆಯ ಪ್ರಕಟಣೆ ಮಾತ್ರ ನಂಬಿ, ಅದನ್ನೇ ಬೇರೆಯವರಿಗೂ ಕಳಿಸಿ. ಒಮಾನಿನಲ್ಲಿ ಟವರು ಬಿದ್ದರೆ ಎರಡು ದಿನ ಫೋನ್ ಸಿಗದಿರಬಹುದು. ಅಲ್ಲಿಂದ ಯಾರಿಗೆ ಮೊದಲು ಸುದ್ದಿ ಬರಬೇಕು, ಅವರು ಯಾರ್ಯಾರಿಗೆ ತಿಳಿಸಬೇಕು ಅನ್ನುವುದನ್ನು ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ. ಎಲ್ಲರೂ ಒಟ್ಟಿಗೆ ಫೋನ್ ಮಾಡುತ್ತಾ ಇದ್ದರೆ ಅವರ ಬ್ಯಾಟರಿ ಖಾಲಿಯಾಗುತ್ತದೆ. ಒಬ್ಬರೇ ಮಾಡಿ, ಮೆಸೇಜ್ ಕಳಿಸಿ, ಉತ್ತರಕ್ಕೆ ಕಾಯಿರಿ. ಕಾಯುವುದು ಕಷ್ಟವಾದರೆ ಸಂಘದವರಿಗೆ ಹೇಳಿ, ಯಾರಾದರೂ ಮನೆಗೆ ಬಂದು ಜೊತೆಗಿರುತ್ತೇವೆ.