ಮೂರನೆಯ ಪ್ರಶ್ನೆ

ಕೋಲಾರದ ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅರ್ಧ ರಾತ್ರಿಯವರೆಗೂ ಹರಟುವ ಮಕ್ಕಳು ಬೆಳಿಗ್ಗೆ ಎದುರಿಗೆ ನಿಂತರೆ ನೆಲ ನೋಡುತ್ತಿದ್ದರು. ಬಾಗಿಲಲ್ಲಿ ನಿಂತು ಕೇಳಬಹುದಾದದ್ದಕ್ಕೂ ಮೆಸೇಜು.

ಮೊಬೈಲ್ ತೆಗೆದಿಟ್ಟರೆ ಮಾತು ತಾನಾಗಿ ಬರುತ್ತದೆ ಎಂದು ನಂಬಿದ್ದೆ. ಒಂದು ತಿಂಗಳು ಎಲ್ಲರ ಮೊಬೈಲನ್ನೂ ಪೆಟ್ಟಿಗೆಯಲ್ಲಿ ಇಡಿಸಿದೆ. ಮೌನ ಕದಲಲಿಲ್ಲ. ಕೊನೆಗೆ ಒಬ್ಬ ಹುಡುಗಿ, "ಬರೆದರೆ ಅಳಿಸಬಹುದು ಸರ್, ಬಾಯಿಂದ ಬಂದದ್ದನ್ನು ಹೇಗೆ ಅಳಿಸುವುದು?" ಎಂದು ಕೇಳಿದಳು. ನಿಜವೇ. ವಾಟ್ಸ್‌ಆ್ಯಪ್‌ನಲ್ಲಿ 2017ರಿಂದ ಕಳುಹಿಸಿದ್ದನ್ನು ಅಳಿಸಬಹುದು, 2023ರಿಂದ ತಿದ್ದಲೂಬಹುದು. ಆ ಅನುಕೂಲದಲ್ಲೇ ಬೆಳೆದವರಿಗೆ ತೊದಲುವುದೆಂದರೆ ಭಯ. ಆದರೆ ಎಲ್ಲವನ್ನೂ ಮೊಬೈಲಿನ ತಲೆಗೆ ಕಟ್ಟುವುದು ಅನ್ಯಾಯ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಬರುವ ಅನೇಕರ ಮನೆಮಾತು ತೆಲುಗು. ಕನ್ನಡದಲ್ಲಿ ತಪ್ಪಿದರೆ ನಗುತ್ತಾರೆಂಬ ಅಳುಕು ಅವರಲ್ಲಿ ಮೊದಲಿನಿಂದಲೂ ಇತ್ತು.

ರಜೆ ಬೇಕಾದವರು ಕರೆ ಮಾಡಿಯೇ ಕೇಳಬೇಕೆಂದು ಹೇಳಿದೆ. ಚೀಟಿಯಲ್ಲಿ ಬರೆದುಕೊಂಡು ಓದಿದರು. ನಾನು ನಡುವೆ "ಜ್ವರ ಯಾವಾಗಿನಿಂದ? ಏನಾದರೂ ತಿಂದೆಯಾ?" ಎಂದರೆ ಆ ಕಡೆ ಸದ್ದೇ ಇಲ್ಲ. ಇವರಿಗೆ ಕಷ್ಟವಾಗಿದ್ದದ್ದು ಹೇಳುವುದಲ್ಲ, ಎದುರಿನವರ ಮಾತು ಕೇಳಿಸಿಕೊಂಡು ಅದಕ್ಕೆ ಮಾತು ಸೇರಿಸುವುದು ಎಂದು ನನಗೆ ಆಗ ತಿಳಿಯಿತು.

2024ರ ಜುಲೈನಲ್ಲಿ ಅವರನ್ನು ನಮ್ಮ ಎಪಿಎಂಸಿ ಟೊಮೆಟೊ ಮಾರುಕಟ್ಟೆಗೆ ಕರೆದುಕೊಂಡು ಹೋದೆ. ಇಬ್ಬಿಬ್ಬರು ಸೇರಿ ಒಬ್ಬರನ್ನು ಮಾತನಾಡಿಸಬೇಕು, ಮೂರು ಪ್ರಶ್ನೆ ಕೇಳಬೇಕು. ಮೊದಲೆರಡನ್ನು ಯೋಚಿಸಿಕೊಂಡು ಬರಬಹುದು. ಮೂರನೆಯದು ಮಾತ್ರ ಎರಡನೆಯದರ ಉತ್ತರದಿಂದಲೇ ಹುಟ್ಟಬೇಕು. ಫೋಟೊ, ವಿಡಿಯೊ ಕೂಡದು.

ಹರಾಜಿನ ಕೂಗು, ಲಾರಿಗಳ ಸದ್ದು. ಮಕ್ಕಳು ಮೊದಲ ಅರ್ಧ ಗಂಟೆ ನನ್ನ ಬೆನ್ನ ಹಿಂದೆಯೇ ಇದ್ದರು. ಆಮೇಲೆ ಒಬ್ಬ ಹುಡುಗ ಬಾಕ್ಸುಗಳ ಪಕ್ಕ ಕುಳಿತಿದ್ದ ಹಿರಿಯ ರೈತರ ಬಳಿ ಹೋದ. ಹದಿನೈದು ಕೆ.ಜಿ. ಬಾಕ್ಸಿಗೆ ಇವತ್ತು ಎಷ್ಟು ಸಿಕ್ಕಿತು ಎಂದು ಕೇಳಿದ. ಎರಡನೆಯದು, ಎಷ್ಟು ಎಕರೆ ಬೆಳೆದಿರಿ. "ಒಂದೂವರೆ. ಅದರಲ್ಲಿ ಅರ್ಧ ಎಲೆ ಮುದುಡು ರೋಗಕ್ಕೆ ಹೋಯಿತು" ಎಂದರು. ಹುಡುಗ ಸುಮ್ಮನಾದ. ಸಹಾಯಕ್ಕೆಂದು ನನ್ನ ಕಡೆ ನೋಡಿದ. ನಾನು ಬೇಕೆಂದೇ ಮುಖ ತಿರುಗಿಸಿದೆ. "ಹಾಗಾದರೆ ಮತ್ತೆ ಅದನ್ನೇ ಯಾಕೆ ಹಾಕುತ್ತೀರಿ ತಾತ?"

ಆ ಹಿರಿಯರು ಟವೆಲಿನಿಂದ ಮುಖ ಒರೆಸಿಕೊಂಡು, ಹಿಂದಿನ ವರ್ಷ ಇದೇ ತಿಂಗಳು ಬಾಕ್ಸಿನ ಬೆಲೆ ಎರಡು ಸಾವಿರ ದಾಟಿದ್ದನ್ನು, ಆಗ ತಮ್ಮ ತೋಟದಲ್ಲಿ ಕಾಯಿ ಇಲ್ಲದೆ ಹೋದದ್ದನ್ನು ಕಾಲು ಗಂಟೆ ಹೇಳಿದರು. ಆಮೇಲೆ, "ನಿನ್ನದು ಯಾವ ಊರಪ್ಪಾ? ಯಾರ ಮಗ?" ಎಂದು ಅವರೇ ಕೇಳಿದರು. ಇವನು ಅಪ್ಪನ ಹೆಸರು, ಊರು, ಬೋರ್‌ವೆಲ್ ಬತ್ತಿದ್ದು, ಎಲ್ಲವನ್ನೂ ಹೇಳಿದ. ಅರ್ಧ ಕನ್ನಡ, ಅರ್ಧ ತೆಲುಗು. ನಾನು ತಿದ್ದಲಿಲ್ಲ.

ಅಂದಿನಿಂದ ಪ್ರತಿ ತಿಂಗಳೂ ಹೀಗೆ ಎಲ್ಲಿಗಾದರೂ ಹೋಗುತ್ತೇವೆ. ಎಲ್ಲರ ನಾಲಿಗೆಯೂ ಸಡಿಲವಾಗಿಲ್ಲ. ಹೇಗೆ ಅಳಿಸುವುದು ಎಂದು ಕೇಳಿದ್ದ ಆ ಹುಡುಗಿ ಈಗಲೂ ಚೀಟಿ ಹಿಡಿದೇ ಕರೆ ಮಾಡುತ್ತಾಳೆ. ಅದರಲ್ಲಿ ಈಗ ಒಂದೇ ಸಾಲು ಇರುತ್ತದಂತೆ.