ಅಟ್ಟದಲ್ಲಿ ಒಣಗಿಸಿದ ರಟ್ಟು ಮತ್ತು ನನ್ನ ಸೈಕಲ್ ಸೀಟು

ಸುಂಟಿಕೊಪ್ಪದಿಂದ ಮಡಿಕೇರಿಗೆ ಸುಮಾರು 15 ಕಿಲೋಮೀಟರ್. ಸೈಕಲ್ಲಿನಲ್ಲಿ ಹೊರಟರೆ ಬಹುಪಾಲು ಏರು. ಇಳಿಜಾರಿನಲ್ಲಾದರೆ ಪೆಡಲ್ ಮೇಲೆ ನಿಂತು ಮೈಗೆ ಬಿಡುವು ಕೊಡಬಹುದು. ಏರಿನಲ್ಲಿ ಹಾಗಲ್ಲ, ಕೂತೇ ತುಳಿಯಬೇಕು. ನಮ್ಮ ಕೊಡಗಿನ ರಸ್ತೆಗಳಲ್ಲಿ ಸೀಟು ಸರಿಯಿಲ್ಲದಿದ್ದರೆ ಬೇಗ ಗೊತ್ತಾಗುವುದು ಇದಕ್ಕೇ.

ನನಗೆ ಗೊತ್ತಾದದ್ದು ಬೋಯಿಕೇರಿಯಲ್ಲಿ. ತೊಡೆಸಂದಿ ಪೂರ್ತಿ ಜೋಮು ಹಿಡಿದಿತ್ತು. ಇಳಿದು ಹತ್ತು ನಿಮಿಷ ರಸ್ತೆ ಬದಿ ನಿಂತೆ. ಜೋಮು ಅಂದರೆ ನರ ಒತ್ತಿಕೊಂಡಿದೆ ಎಂದರ್ಥ. ಅದನ್ನು ಸುಮ್ನೆ ಸಹಿಸಿಕೊಂಡು ತುಳಿಯಬಾರದು.

ಎಲ್ಲರೂ ಮಾಡುವ ಹಾಗೆ ಮೊದಲು ಜೆಲ್ ಕವರ್ ತಂದು ಹಾಕಿದೆ. ಎರಡು ಕಿಲೋಮೀಟರ್ ಹಾಯಾಗಿತ್ತು, ಹತ್ತಾಗುವಷ್ಟರಲ್ಲಿ ಮೊದಲಿಗಿಂತ ಕಷ್ಟ. ಯಾಕೆ ಅಂತ ಮನೆಗೆ ಬಂದು ಎರಡೂ ಹೆಬ್ಬೆರಳಿನಿಂದ ಅದನ್ನು ಒತ್ತಿ ನೋಡಿದೆ. ಬೆರಳು ಇಳಿದ ಕಡೆ ಗುಳಿ ಬಿತ್ತು, ನಡುವಿನ ಜೆಲ್ ಉಬ್ಬಿ ಮೇಲೆದ್ದಿತು. ಕೂತಾಗಲೂ ಹೀಗೇ ಅಲ್ವಾ? ಕುಂಡಿಯ ಎರಡು ಮೂಳೆಗಳು ಕೆಳಗಿಳಿಯುತ್ತವೆ, ಉಬ್ಬಿದ ಭಾಗ ಒತ್ತಬಾರದ ಕಡೆಗೇ ಒತ್ತುತ್ತದೆ. ನಮ್ಮ ಭಾರ ಹೊರಬೇಕಾದದ್ದು ಆ ಎರಡು ಮೂಳೆಗಳು. ಅವುಗಳ ಅಡಿಗೆ ಸರಿಯಾಗಿ ಸೀಟು ಸಿಕ್ಕರೆ ಅದು ಗಟ್ಟಿಯಾಗಿದ್ದರೂ ನೋಯುವುದಿಲ್ಲ.

ಹಾಗಾಗಿ ಮೂಳೆಗಳ ಅಂತರ ಅಳೆಯಲು ಕೂತೆ. ಪೆಟ್ಟಿಗೆಯ ಏಣು ಏಣಿನ ರಟ್ಟು ಇದಕ್ಕೆ ಸಾಕು. ಆದರೆ ಅದು ಜುಲೈ ತಿಂಗಳು. ಮಳೆಗೆ ರಟ್ಟು ಥಂಡಿ ಹಿಡಿದು ಮೆತ್ತಗಾಗಿತ್ತು, ಕೂತೆದ್ದರೆ ಗುರುತೆಲ್ಲ ಕಲಸಿಹೋಗುತ್ತಿತ್ತು. ಅಮ್ಮ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಎರಡು ರಾತ್ರಿ ಇಟ್ಟರು. ಮೂರನೇ ದಿನ ಅದು ಹಪ್ಪಳದ ಹಾಗೆ ಗರಿಗರಿಯಾಗಿ ಇಳಿದು ಬಂತು. ಕಲ್ಲಿನ ಮೆಟ್ಟಿಲ ಮೇಲೆ ಹಾಸಿ, ಸ್ವಲ್ಪ ಮುಂದೆ ಬಾಗಿ, ಹಿಮ್ಮಡಿ ಎತ್ತಿ ಅರ್ಧ ನಿಮಿಷ ಕೂತೆ. ಎದ್ದು ಪೆನ್ಸಿಲನ್ನು ಅಡ್ಡ ಹಿಡಿದು ಉಜ್ಜಿದಾಗ ಎರಡು ಗುಳಿ ಸ್ಪಷ್ಟವಾಗಿ ಕಂಡವು. ನಡುವಿನಿಂದ ನಡುವಿಗೆ 12.5 ಸೆಂಟಿಮೀಟರ್.

ಇದಕ್ಕೆ 2ರಿಂದ 3 ಸೆಂಟಿಮೀಟರ್ ಸೇರಿಸಿದರೆ ಬೇಕಾದ ಸೀಟಿನ ಅಗಲ ಸಿಗುತ್ತದೆ. ಹೆಚ್ಚು ನೆಟ್ಟಗೆ ಕೂತು ಓಡಿಸುವವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಸೈಕಲ್ ಜೊತೆ ಬಂದ ಸೀಟು ಅಳೆದರೆ ಬರೀ 130 ಮಿಲಿಮೀಟರ್. ನನ್ನ ಮೂಳೆಗಳು ಇಷ್ಟು ದಿನ ಅಂಚಿನ ಇಳಿಜಾರಿನಲ್ಲಿ ಜಾರುತ್ತಿದ್ದವು! 155 ಮಿಲಿಮೀಟರಿನ, ನಡುವೆ ಸೀಳಿರುವ, ಗಟ್ಟಿ ಸೀಟು ತರಿಸಿದೆ. ಬ್ರೂಕ್ಸ್ ಬಿ17 ತರಹದ ಚರ್ಮದ ಸೀಟು ದಿನ ಕಳೆದಂತೆ ಮೈಗೆ ಹೊಂದಿಕೊಳ್ಳುತ್ತದೆ ನಿಜ. ಆದರೆ ಮಳೆಗಾಲದಲ್ಲಿ ಬೀರುವಿನೊಳಗಿನ ಬೆಲ್ಟಿಗೇ ಬೂಷ್ಟು ಬರುವ ಊರು ನಮ್ಮದು. ನಾನು ಆ ಆಸೆ ಬಿಟ್ಟೆ.

ಎತ್ತರ ಹೊಂದಿಸುವುದು ಸುಲಭ. ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಅದಕ್ಕಿಂತ ಎತ್ತರವಾದರೆ ಸೊಂಟ ಆಚೀಚೆ ಓಲಾಡಿ ತೊಡೆ ಉಜ್ಜುತ್ತದೆ.

ಜಾಸ್ತಿ ಹೊತ್ತು ಹಿಡಿದದ್ದು ಸೀಟಿನ ಓರೆ. ಗಾರೆ ಕೆಲಸದ ರಸಮಟ್ಟ ತಂದು ಕಾಫಿ ಒಣಗಿಸುವ ಕಣದಲ್ಲಿ ಸೈಕಲ್ ನಿಲ್ಲಿಸಿದೆ. ಕಣಕ್ಕೆ ನೀರು ಹರಿಯಲೆಂದು ಇಳುಕಲು ಕೊಟ್ಟಿರುತ್ತಾರೆ, ಅದು ಆಮೇಲೆ ನೆನಪಾಗಿ ಜಗಲಿಗೆ ಬಂದೆ. ಸಮತಟ್ಟು ಮಾಡಿಕೊಂಡು ಹೊರಟರೆ ಕೆದಕಲ್ ದಾಟಿದ ಮೇಲೆ ಮತ್ತೆ ಮುಂದೆ ಒತ್ತಿತು. ಏರಿನಲ್ಲಿ ಸೈಕಲ್ಲೇ ಮೂತಿ ಎತ್ತುತ್ತದೆ, ಜೊತೆಗೆ ಸೀಟೂ. ಮೂತಿ ತಗ್ಗಿಸಿದೆ, ಜಾಸ್ತಿಯಾಯಿತು. ಮುಂದಕ್ಕೆ ಜಾರಿ ಭಾರವೆಲ್ಲ ಅಂಗೈಗೆ ಬಂತು. ಅಲೆನ್ ಕೀ ಜೇಬಲ್ಲಿಟ್ಟುಕೊಂಡು, ದಾರಿಯಲ್ಲೇ ನಿಲ್ಲಿಸಿ ಒಂದೊಂದು ಸಲಕ್ಕೆ ಬೋಲ್ಟನ್ನು ಕಾಲು ಸುತ್ತು ತಿರುಗಿಸಿದೆ. ನಾಲ್ಕನೇ ಭಾನುವಾರ ಸರಿಹೋಯಿತು. ಈಗ ಮೂತಿ ಸಮತಟ್ಟಿಗಿಂತ 3 ಮಿಲಿಮೀಟರ್ ಕೆಳಗಿದೆ, ಅಷ್ಟೇ. ಮಡಿಕೇರಿ ತಲುಪಿ ಇಳಿದಾಗ ಜೋಮು ಇರಲಿಲ್ಲ.

ನನ್ನ ಸೀಟು ಚೆನ್ನಾಗಿದೆ ಅಂತ ತಂಗಿ ತನ್ನ ಸೈಕಲ್ಲಿಗೆ ಹಾಕಿಕೊಂಡಳು. ಎರಡೇ ದಿನಕ್ಕೆ ವಾಪಸ್ ತಂದಳು, ನೋವು ಅಂತ. ರಟ್ಟಿನ ಮೇಲೆ ಕೂರಿಸಿ ಅಳೆದೆ. ಅವಳದು 14 ಸೆಂಟಿಮೀಟರ್.