ನ್ಯಾಯಾಧೀಶರ ಪ್ರಶ್ನೆಯಿಂದಲೇ ತರಬೇತಿ ಶುರು: ನನ್ನ ಅನುಭವ

ಬಾಲ ನ್ಯಾಯಾಲಯ ಮತ್ತು ಕೌಟುಂಬಿಕ ನ್ಯಾಯಾಲಯಗಳ ನ್ಯಾಯಾಧೀಶರಿಗೆ ತರಬೇತಿ ಕೊಡುವುದು, ಅವರಿಗೆ ಬೇಕಾದ ಸಂಶೋಧನೆ ಹುಡುಕಿಕೊಡುವುದು ನನ್ನ ಕೆಲಸ. ಮೊದಲ ತರಬೇತಿಗೆ ತುಂಬಾ ಓದಿಕೊಂಡು ಹೋಗಿದ್ದೆ. 1899ರಲ್ಲಿ ಶಿಕಾಗೋದಲ್ಲಿ ಮಕ್ಕಳಿಗೆಂದೇ ಕೋರ್ಟ್ ಶುರುವಾಗಿದ್ದು, ತಪ್ಪು ಮಾಡಿದ ಮಕ್ಕಳನ್ನು ನ್ಯಾಯವ್ಯವಸ್ಥೆ ಹೇಗೆ ನಡೆಸಿಕೊಳ್ಳಬೇಕೆಂದು ವಿಶ್ವಸಂಸ್ಥೆ ಹೇಳಿದ 1985ರ ಬೀಜಿಂಗ್ ನಿಯಮಗಳು, ವಿಶ್ವಸಂಸ್ಥೆಯದೇ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ, ಎಲ್ಲವನ್ನೂ ಹೇಳಿದೆ. ಒಡಂಬಡಿಕೆಯ 12ನೇ ವಿಧಿ ಓದಿ, ವಿಚಾರಣೆಯಲ್ಲಿ ಮಗುವಿನ ಮಾತಿಗೂ ಅವಕಾಶ ಕೊಡಬೇಕು ಎಂದೆ. ಎಲ್ಲರೂ ಬರೆದುಕೊಂಡರು. ವಿರಾಮದಲ್ಲಿ ಒಬ್ಬ ನ್ಯಾಯಾಧೀಶರು ಹತ್ತಿರ ಬಂದು, "ಮೇಡಂ, ಕೇಳಬೇಕು ಅನ್ನೋದು ಗೊತ್ತು. ನಾಳೆ ನನ್ನ ಮುಂದೆ ಆರು ವರ್ಷದ ಹುಡುಗಿ ಬರ್ತಾಳೆ. ಹೇಗೆ ಕೇಳಲಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮುಂದಿನ ತರಬೇತಿಗೆ ಮುಂಚೆ ಅನುಮತಿ ಪಡೆದು ಕೆಲವು ವಾರ ಕೋರ್ಟ್ ಹಾಲ್‌ನಲ್ಲಿ ಸುಮ್ನೆ ಕೂತೆ. ಹೆಸರು, ಊರು ಬರೆದುಕೊಳ್ಳಲಿಲ್ಲ. ದೊಡ್ಡವರು ಮಕ್ಕಳಿಗೆ ಕೇಳಿದ ಪ್ರಶ್ನೆಗಳನ್ನಷ್ಟೇ ಬರೆದುಕೊಂಡೆ. ಅದರಲ್ಲಿ ಒಂದು ಹೀಗಿತ್ತು: "ಅಪ್ಪ ನಿನಗೆ ಹೊಡೆದಿಲ್ಲ, ಅಲ್ವಾ?" ಮಗು "ಹೂಂ" ಅಂದಿತು.

ತರಬೇತಿಯಲ್ಲಿ ಇದನ್ನೇ ಬೋರ್ಡ್ ಮೇಲೆ ಬರೆದೆ. ಆ 'ಹೂಂ' ಅಂದರೆ ಏನು, ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಿರಿ ಎಂದೆ. ಹೊಡೆದಿಲ್ಲ ಎಂದು ಕೆಲವರು, ಹೊಡೆದಿದ್ದಾರೆ ಎಂದು ಕೆಲವರು ಬರೆದರು. ಹಾಲ್ ನಿಶ್ಶಬ್ದವಾಯಿತು. ಸಂಶೋಧನೆಯ ಮಾತು ತೆಗೆದದ್ದು ಅದಾದ ಮೇಲೆ. ಪುಟ್ಟ ಮಕ್ಕಳು ಪ್ರಶ್ನೆಯಲ್ಲೇ ಅಡಗಿರುವ ಉತ್ತರಕ್ಕೆ ಸುಲಭವಾಗಿ ತಲೆಯಾಡಿಸುತ್ತಾರೆ. ಅದೇ ಪ್ರಶ್ನೆ ಮತ್ತೆ ಕೇಳಿದರೆ, ಮೊದಲು ಹೇಳಿದ್ದು ತಪ್ಪಾಯಿತೇನೋ ಎಂದುಕೊಂಡು ಮಾತು ಬದಲಿಸುವುದೂ ಉಂಟು. "ಏನಾಯ್ತು, ಹೇಳು" ಎಂದು ಬಿಟ್ಟರೆ ಹೆಚ್ಚು ನಂಬಬಹುದಾದ ವಿವರ ಬರುತ್ತದೆ. "ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು, ನಾನು ತಪ್ಪು ಹೇಳಿದರೆ ತಿದ್ದು" ಎಂದು ಮೊದಲೇ ಹೇಳಿಬಿಡುವುದೂ ಒಳ್ಳೆಯದು.

ಆಮೇಲೆ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿದೆ. ನಿನ್ನೆಯ ದಿನ ಹೇಗಿತ್ತು ಎಂದು ಹತ್ತು ನಿಮಿಷ ಕೇಳಬೇಕು, 'ಹೌದು', 'ಇಲ್ಲ' ಎಂದು ಮುಗಿಯುವ ಪ್ರಶ್ನೆ ಒಂದೂ ಬರಬಾರದು. ಎರಡನೇ ನಿಮಿಷಕ್ಕೇ ಎಲ್ಲರೂ ಜಾರಿದರು. ವರ್ಷಗಟ್ಟಲೆ ಪಾಟಿಸವಾಲು ಕೇಳಿದವರಿಗೆ ಇದು ನಿಜಕ್ಕೂ ಕಷ್ಟ. ಮೂರನೇ ಸುತ್ತಿನ ಹೊತ್ತಿಗೆ ಅವರ ಬಾಯಲ್ಲಿ ಜಾಸ್ತಿ ಬರುತ್ತಿದ್ದ ಮಾತು ಒಂದೇ: "ಆಮೇಲೆ?" ನನಗೆ ಬೇಕಾಗಿದ್ದೂ ಅದೇ.

ಸಂಶೋಧನೆ ಒದಗಿಸುವ ರೀತಿಯನ್ನೂ ಬದಲಿಸಿದೆ. ಮೊದಲು ದಪ್ಪ ದಪ್ಪ ವರದಿ ಕಳಿಸುತ್ತಿದ್ದೆ. ದಿನವಿಡೀ ಕೇಸ್ ನಡೆಸುವವರಿಗೆ ಅದನ್ನೆಲ್ಲ ಓದುವುದಕ್ಕೆ ಸಮಯ ಎಲ್ಲಿ? ಈಗ ಒಂದು ಪ್ರಶ್ನೆಗೆ ಒಂದೇ ಹಾಳೆ. ಏನು ಗೊತ್ತಾಗಿದೆ, ಎಷ್ಟು ನಂಬಬಹುದು, ಎಲ್ಲಿ ನಡೆದ ಅಧ್ಯಯನ, ಇಷ್ಟೇ ಇರುತ್ತದೆ.

ಒಮ್ಮೆ ಒಬ್ಬರು, ತಪ್ಪು ಮಾಡಿದ ಹುಡುಗರಿಗೆ ಜೈಲು ತೋರಿಸಿ ಹೆದರಿಸಿದರೆ ಸರಿದಾರಿಗೆ ಬರುತ್ತಾರಾ ಎಂದು ಕೇಳಿದ್ದರು. ಅಮೆರಿಕದಲ್ಲಿ 1970ರ ದಶಕದಿಂದ ಇಂಥ ಕಾರ್ಯಕ್ರಮಗಳು ನಡೆದಿವೆ. ಚೀಟಿ ಎತ್ತಿದ ಹಾಗೆ ಹುಡುಗರನ್ನು ಎರಡು ಗುಂಪು ಮಾಡಿ, ಒಂದನ್ನು ಜೈಲಿಗೆ ಕರೆದೊಯ್ದು, ಇನ್ನೊಂದನ್ನು ಬಿಟ್ಟು ನೋಡಿದ 9 ಪ್ರಯೋಗಗಳನ್ನು ಸಂಶೋಧಕರು ಒಟ್ಟಿಗೆ ಪರಿಶೀಲಿಸಿದ್ದಾರೆ. ಜೈಲು ನೋಡಿ ಬಂದವರೇ ಆಮೇಲೆ ಹೆಚ್ಚು ಅಪರಾಧ ಮಾಡಿದ್ದರು. ಏನೂ ಮಾಡದಿದ್ದರೇ ವಾಸಿ ಎನ್ನುವ ಫಲಿತಾಂಶ. ಹಾಳೆ ಓದಿದ ಅವರು ಕೂಡಲೇ ಫೋನ್ ಮಾಡಿ, "ಹಾಗಾದರೆ ಏನು ಮಾಡಲಿ?" ಅಂದರು. ಬೇಡ ಎನ್ನುವ ಹಾಳೆ ಮಾತ್ರ ಕಳಿಸಿ ಸುಮ್ಮನಾಗಿದ್ದು ನನ್ನ ತಪ್ಪು. ಮನೆಯವರನ್ನೂ ಕೂರಿಸಿಕೊಂಡು ಮಾಡುವ ಆಪ್ತಸಮಾಲೋಚನೆ ಬಗ್ಗೆ ಎರಡನೇ ಹಾಳೆ ಬರೆದೆ. ಅಂದಿನಿಂದ ಎರಡನ್ನೂ ಜೊತೆಗೇ ಕಳಿಸುತ್ತೇನೆ.

ಈಗ ಬರೆಯುತ್ತಿರುವ ಹಾಳೆ ಕಸ್ಟಡಿ ಬಗ್ಗೆ, ಅಂದರೆ ಅಪ್ಪ ಅಮ್ಮ ಬೇರೆಯಾದಾಗ ಮಗು ಯಾರ ಹತ್ತಿರ ಇರಬೇಕು ಅನ್ನುವುದರ ಬಗ್ಗೆ. ಅಪ್ಪ ಬೇಕಾ, ಅಮ್ಮ ಬೇಕಾ ಎಂದು ನೇರವಾಗಿ ಕೇಳಬಹುದಾ ಅನ್ನುವುದು ಪ್ರಶ್ನೆ. ಬೇಡ ಎಂದೇ ನನ್ನ ಅಭಿಪ್ರಾಯ. ಒಬ್ಬರನ್ನು ಬಿಟ್ಟುಕೊಟ್ಟೆ ಎನ್ನುವ ಭಾರ ಮಗುವಿನ ತಲೆ ಮೇಲೆ ಬೀಳುತ್ತದೆ. ಎರಡನೇ ಹಾಳೆಯಲ್ಲಿ ಬೇರೆ ಪ್ರಶ್ನೆಗಳನ್ನು ಬರೆದಿದ್ದೇನೆ. ಬೆಳಿಗ್ಗೆ ಯಾರು ಎಬ್ಬಿಸುತ್ತಾರೆ? ಹೋಂವರ್ಕ್ ಯಾರ ಜೊತೆ ಮಾಡುತ್ತೀಯ? ರಾತ್ರಿ ಹೆದರಿಕೆಯಾದರೆ ಯಾರ ಹತ್ತಿರ ಹೋಗುತ್ತೀಯ?